ಸೊಸೆಯ ಮೈಗೆಂದು ಮಾಡಿದ ಸೀಗೆಪುಡಿ

ನನ್ನ ಸೊಸೆಗೆ ಎರಡೂ ಕಿಡ್ನಿ ಹೋಗಿದ್ದವು. ಹೆಬ್ಬಾಳದ ಹತ್ತಿರ ಒಂದು ಆಸ್ಪತ್ರೆಗೆ ವಾರದಲ್ಲಿ ಮೂರು ಸಲ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಿತ್ತು. ಮೈಯಲ್ಲಿರುವ ರಕ್ತವನ್ನೆಲ್ಲ ಮಿಷನ್ನಿಗೆ ಎಳೆದು ತೊಳೆದು ಮತ್ತೆ ಒಳಗೆ ಬಿಡುತ್ತಾರೆ. ಅದಕ್ಕೆ ಅವಳು ಅಳಲಿಲ್ಲ. ಪೆನ್ನಿನ ರೀಫಿಲ್ಲಿನಷ್ಟು ದಪ್ಪ ಸೂಜಿ ಚುಚ್ಚುತ್ತಿದ್ದರು, ಅದಕ್ಕೂ ಅಳಲಿಲ್ಲ. ಅವಳನ್ನು ಅಳಿಸಿದ್ದು ನವೆ.

ಸೊಳ್ಳೆ ಕಚ್ಚಿದಾಗ ಬರುವ ನವೆಯಲ್ಲ. ಬೆನ್ನು, ಹೊಟ್ಟೆ, ತಲೆಬುಡ, ಅಂಗಾಲು, ಎಲ್ಲ ಕಡೆ ಒಟ್ಟಿಗೆ. ಬಾಚಣಿಗೆಯಲ್ಲಿ ಕೆರೆದುಕೊಂಡಳು, ಬೀಗದ ಕೈ ಗೊಂಚಲಲ್ಲಿ ಕೆರೆದುಕೊಂಡಳು, ಬಾಗಿಲಿನ ಮೂಲೆಗೆ ಬೆನ್ನು ಕೊಟ್ಟು ಹಸು ಉಜ್ಜಿಕೊಂಡ ಹಾಗೆ ಉಜ್ಜಿಕೊಂಡಳು. ಹೊದಿಕೆಯ ಮೇಲೆಲ್ಲ ರಕ್ತದ ಗೀಟು. ಒಗೆಯುತ್ತಿದ್ದವಳು ನಾನು, ಅದಕ್ಕೇ ನನಗೆ ಗೊತ್ತು. ಡಾಕ್ಟರು ಮಾತ್ರೆ ಕೊಟ್ಟರು, ಮುಲಾಮು ಕೊಟ್ಟರು. ಮಾತ್ರೆ ನುಂಗಿದರೆ ತೂಕಡಿಸುತ್ತಾ ಕೆರೆದುಕೊಳ್ಳುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಮಲಗಬೇಕು. ಸೂಜಿ ಹಾಕಿದ ಕೈಯನ್ನು ಅಲ್ಲಾಡಿಸುವ ಹಾಗಿಲ್ಲ, ಹೊರಳುವ ಹಾಗೂ ಇಲ್ಲ. ನವೆ ಮಾತ್ರ ಅಲ್ಲೇ ಜಾಸ್ತಿ. ಒಂದು ದಿನ ಅಲ್ಲಿಂದ ಬಂದವಳು ಚಪ್ಪಲಿ ಕೂಡ ಬಿಡದೆ ನಡುಮನೆಯಲ್ಲಿ ಕೂತಳು.

"ಅತ್ತೆ, ಈ ನವೆ ಒಂದ್ ಸ್ವಲ್ಪ ಕಮ್ಮಿ ಆಗ್ಲಿಲ್ಲ ಅಂದ್ರೆ ನಾನಿನ್ನ್ ಅಲ್ಲಿಗ್ ಹೋಗಲ್ಲ. ಹೇಳ್ಬಿಟ್ಟೆ."

"ಓಗ್ದಿದ್ರೆ ಸತ್ತೋಗ್ತೀಯ ಕಣೆ."

"ಗೊತ್ತು. ಅದಕ್ಕೇ ಹೇಳ್ತಿರೋದು."

ಅವಳು ಬಾಯಿಮಾತಿಗೆ ಹೇಳುವವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮನೆಯಲ್ಲಿ ಇನ್ನೂ ಎಮ್ಮೆ ಇತ್ತು. ಸಗಣಿ ಮುಟ್ಟಲ್ಲ ಎಂದಳು, ಕೊನೆಯ ಎಮ್ಮೆ ಮಾರುವವರೆಗೂ ಮುಟ್ಟಲಿಲ್ಲ. ವಿದ್ಯಾರಣ್ಯಪುರದಲ್ಲಿ ಬೆಳೆದ ಹುಡುಗಿ, ಸ್ನಾನಕ್ಕೆ ಬಾಟಲಿಯಲ್ಲಿ ಬರುವ ಬಾಡಿವಾಶೇ ಆಗಬೇಕು. ನನ್ನ ಸೀಗೆಪುಡಿ ಡಬ್ಬಿ ನೋಡಿ, "ಇದು ಎಮ್ಮೆ ತೊಳೆಯೋ ಪುಡೀನಾ ಅತ್ತೆ?" ಎಂದಿದ್ದಳು. ನಾನೂ ಸುಮ್ಮನಿರಲಿಲ್ಲ. "ಊಂ ಕಣೆ, ನಿಮ್ಮತ್ತೇನೂ ಅದ್ರಲ್ಲೇ ತೊಳೀತಾರೆ" ಎಂದಿದ್ದೆ. ನಮ್ಮಿಬ್ಬರಿಗೂ ಅಂಥ ಪ್ರೀತಿ ಏನೂ ಇರಲಿಲ್ಲ. ಕಾಯಿಲೆ ಬಂದ ಮೇಲೆ ಜಗಳ ಆಡುವುದಕ್ಕೆ ಅವಳಲ್ಲಿ ಕಸುವು ಇರಲಿಲ್ಲ, ಅದೇ ನನಗೆ ಬೇಜಾರು.

ಬಾಟಲಿಯದ್ದು ಹಾಕಿದರೆ ಮೈ ಬಿರುಕು ಬಿಟ್ಟು ನವೆ ಏರುತ್ತಿತ್ತು. ಸೋಪೂ ಹಾಗೇ. ಬರೀ ನೀರು ಹುಯ್ದುಕೊಂಡರೆ ಮೈಯಿಂದ ಒಂದು ಥರ ಔಷಧಿ ವಾಸನೆ ಬರುತ್ತದೆಂದು ಅವಳಿಗೇ ಅಸಹ್ಯ. ನಾನು ಪುಡಿ ಮಾಡುತ್ತೇನೆ ಎಂದೆ. ಅವಳು ಬೇಡ ಎನ್ನಲಿಲ್ಲ. ಅಲ್ಲಿಗೆ ಎಷ್ಟು ಸೋತಿದ್ದಳೆಂದು ತಿಳಿಯಿತು.

ಯಲಹಂಕದ ಗ್ರಂಧಿಗೆ ಅಂಗಡಿಯಲ್ಲಿ ಸೀಗೆಕಾಯಿ, ಅಂಟುವಾಳ, ಕಸ್ತೂರಿ ಅರಿಶಿನ ತಂದೆ. ಮೆಂತ್ಯ, ಹೆಸರುಕಾಳು ಮನೆಯಲ್ಲೇ ಇದ್ದವು. ಬೇವಿನ ಎಲೆ ಬೀದಿ ಕೊನೆಯ ಮರದ್ದು. ತಂಗಡಿ ಹೂವು ಮಾತ್ರ ಹುಡುಕಬೇಕಾಯಿತು. ನಾನು ಮದುವೆಯಾಗಿ ಬಂದಾಗ ನಮ್ಮ ಕೋಗಿಲಿನಲ್ಲಿ ಎಲ್ಲಿ ನೋಡಿದರೂ ಹಳದಿ, ಆಡು ಕೂಡ ಮೂಸುತ್ತಿರಲಿಲ್ಲ. ಈಗ ಮನೆ ಕಟ್ಟದೆ ಬಿಟ್ಟ ಸೈಟುಗಳಲ್ಲಿ, ಇಟ್ಟಿಗೆ ಚೂರಿನ ನಡುವೆ ಅಲ್ಲೊಂದು ಗಿಡ ಇಲ್ಲೊಂದು ಗಿಡ. ಬಿಡಿಸಿ ತಂದು, ಧೂಳು ತೊಳೆದು, ಮಾಳಿಗೆಯ ಮೇಲೆ ಬಾಡಿಗೆಯವರ ಬಟ್ಟೆ ತಂತಿಯ ಕೆಳಗೆ ನೆರಳಲ್ಲಿ ಒಣಗಿಸಿದೆ. ಸೀಗೆಕಾಯಿಯನ್ನು ಬಿಸಿಲಿಗೆ ಹಾಕಿ, ಬೀಜ ತೆಗೆದು, ಅಂಟುವಾಳದ ಸಿಪ್ಪೆ ಒಡೆದು ಎಲ್ಲ ಸೇರಿಸಿದೆ.

ಮಿಲ್ಲಿನವನು ಚೀಲಕ್ಕೆ ಮೂಗು ಹಾಕಿದವನೇ ತಲೆ ಅಲ್ಲಾಡಿಸಿದ.

"ರಾಗಿ ಮಿಷನ್ನಿಗೆ ಹಾಕೋಕಾಗಲ್ಲಮ್ಮಾ. ನಾಳೆ ಮುದ್ದೆ ತಿನ್ನೋರೆಲ್ಲ ಬಾಯಲ್ಲಿ ನೊರೆ ಬಿಡ್ತಾರೆ."

"ಮತ್ತೆ ಯಾವುದ್ಕಾಕ್ತೀಯಪ್ಪ?"

"ಮೆಣಸಿನಕಾಯಿ ಮಿಷನ್ನು. ಸೀಗೆ ಯಾವಾಗ್ಲೂ ಅದ್ರಲ್ಲೇ ಅಲ್ವಾ?"

ನಿಜ, ಯಾವಾಗಲೂ ಅದರಲ್ಲೇ. ನಮ್ಮ ಕಡೆ ಎಲ್ಲರೂ ಹಾಗೇ ಬೀಸಿಸುವುದು. ಮೊದಲು ಒಂದಿಷ್ಟು ನುಚ್ಚು ಹಾಕಿ ಮಿಷನ್ನಿನ ಬಾಯಿ ತೊಳೆಸಿ, ಆಮೇಲೆ ಬೀಳುವ ಮೊದಲ ಹಿಡಿ ಪುಡಿಯನ್ನು ಬಿಸಾಕಿ, ಉಳಿದದ್ದನ್ನು ಮನೆಗೆ ತರುವುದು. ನಾನೂ ಹಾಗೇ ಮಾಡಿದೆ. ಮನೆಗೆ ಬಂದು ಜರಡಿ ಹಿಡಿದು, ಒಂದು ಚಿಟಿಕೆ ನೀರಲ್ಲಿ ಕಲಸಿ, ಮುಂಗೈಗೆ ಬಳಿದುಕೊಂಡು ಕೂತೆ. ಅದು ಒಣಗಿ ಉದುರುವವರೆಗೆ ನೋಡಿದೆ. ತಣ್ಣಗಿತ್ತು. ಉರಿಯಿಲ್ಲ, ಕೆಂಪಿಲ್ಲ. ಒಳ್ಳೆಯ ಪುಡಿ ಎಂದುಕೊಂಡೆ.

ಮಾರನೆಯ ದಿನ ಬಚ್ಚಲಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ, ಬೆನ್ನಿಗೆ ನೀರು ಹುಯ್ದು ಪುಡಿ ಹಚ್ಚಿದೆ. ಒಳ್ಳೆ ನೊರೆ ಬಂತು. ಹಚ್ಚಿ ಸೊಂಟಕ್ಕೆ ಬರುವಷ್ಟರಲ್ಲಿ ಅವಳು ಮಣೆಯಿಂದ ಎದ್ದೇಬಿಟ್ಟಳು.

"ಅತ್ತೆ! ಏನ್ ಹಾಕಿದ್ದೀರಾ ಇದ್ರಲ್ಲಿ?"

"ಸೀಗೆ ಕಣೆ. ಒಸಿ ತಡ್ಕೊ."

"ಉರೀತಿದೆ! ನೀರ್ ಹಾಕಿ! ಅಯ್ಯೋ, ನೀರ್ ಹಾಕಿ ಅತ್ತೆ!"

ಚೊಂಬಿಗೆ ಸಾಲದೆ ಬಕೆಟ್ಟನ್ನೇ ಎತ್ತಿ ಸುರಿದೆ. ಸುರಿದಷ್ಟೂ ನೊರೆ ಕೆಳಗಿಳಿದು, ಕೆರೆದುಕೊಂಡ ಗಾಯದಲ್ಲೆಲ್ಲ ಹರಿಯಿತು. ಅವಳು ಗೋಡೆಗೆ ತಲೆ ಚಚ್ಚಿಕೊಂಡಳು. ಮಗ ಬಾಗಿಲು ಬಡಿದ.

"ಏನವ್ವ ಮಾಡ್ದೆ ಅವ್ಳಿಗೆ?"

"ನನ್ ಕೈಗಾಕಿ ನೋಡಿದ್ದೆ ಕಣ್ಲಾ. ಏನೂ ಆಗ್ಲಿಲ್ಲ."

ಒಳಗೆ ಟವಲು ಸುತ್ತಿಕೊಂಡು ನಡುಗುತ್ತಿದ್ದವಳು ಹಲ್ಲು ಕಚ್ಚಿಕೊಂಡೇ ಹೇಳಿದಳು. "ನಿಮ್ ಕೈಗಾ? ನಿಮ್ದು ಎಮ್ಮೆ ಚರ್ಮ ಅತ್ತೆ. ಕೆಂಡ ಇಟ್ರೂ ಯಾರೋ ಕರೆದ್ರು ಅಂತ ತಿರುಗಿ ನೋಡ್ತೀರ."

ಅವಳನ್ನು ಮಲಗಿಸಿ ಬಂದು ಪುಡಿಯನ್ನು ನಾಲಿಗೆಗೆ ಇಟ್ಟುಕೊಂಡೆ. ಕಹಿಯ ಹಿಂದೆ ಸಣ್ಣಗೆ ಖಾರ. ಬೆಳಿಗ್ಗೆ ಯಾರೋ ಮೆಣಸಿನಕಾಯಿ ಬೀಸಿಸಿ ಹೋಗಿದ್ದರು, ನುಚ್ಚಿಗೆ ಅದು ಪೂರ್ತಿ ಹೋಗಿರಲಿಲ್ಲ. ನಾಲಿಗೆಗೆ ತಿಳಿದದ್ದು ನನ್ನ ಕೈಗೆ ತಿಳಿದಿರಲಿಲ್ಲ. ಅರವತ್ತು ವರ್ಷ ಕಳೆ ಕಿತ್ತ ಕೈ, ಸುಣ್ಣ ಕಲಸಿದ ಕೈ, ಒಲೆಯಿಂದ ಪಾತ್ರೆಯನ್ನು ಬಟ್ಟೆ ಇಲ್ಲದೆ ಇಳಿಸಿದ ಕೈ. ಅದನ್ನು ಕೇಳಿಕೊಂಡು ಅವಳ ಬೆನ್ನಿಗೆ ಹಚ್ಚಿದ್ದೆ. ಪುಡಿಯ ಚೀಲದ ಬಾಯಿ ಕಟ್ಟಿ ಅಟ್ಟದ ಮೇಲೆ ಎಸೆದೆ. ಹಿತ್ತಾಳೆ ಪಾತ್ರೆ ಬೆಳಗಲಿಕ್ಕಾದರೂ ಆಗುತ್ತದೆ.

ಎರಡನೆಯ ಸಲ ಮಿಲ್ಲಿಗೆ ಹೋಗಲಿಲ್ಲ. ಹಿತ್ತಿಲಲ್ಲಿ ಒರಳುಕಲ್ಲು ಇತ್ತು. ಬಾಡಿಗೆ ಹುಡುಗರು ಅದರಲ್ಲಿ ಸಿಗರೇಟು ತುಂಡು ಹಾಕುತ್ತಿದ್ದರು. ಅದನ್ನು ಉಜ್ಜಿ ತೊಳೆದು, ಹೆಸರುಕಾಳು, ಮೆಂತ್ಯ, ತಂಗಡಿ ಹೂವು ಮಾತ್ರ ಹಾಕಿ ಕುಟ್ಟಿದೆ. ಸೀಗೆಯೂ ಬೇಡ, ಅಂಟುವಾಳವೂ ಬೇಡ. ಹಳೆಯ ಪಂಚೆಯಲ್ಲಿ ಸೋಸಿದೆ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ. ಆಮೇಲೆ ನನ್ನ ಮೈಯಲ್ಲಿ ಎಳೆಯ ಜಾಗ ಎಲ್ಲಿ ಉಳಿದಿದೆ ಎಂದು ಹುಡುಕಿದೆ. ಬಿಸಿಲು ಕಾಣದ ಚರ್ಮ ಒಂದೇ ಕಡೆ ಇತ್ತು.

"ಈ ಸಲ ಎಲ್ಲಿ ಹಚ್ಚಿ ನೋಡಿದ್ರಿ?" ಎಂದು ಕೇಳಿದಳು. ಮಣೆಯ ಮೇಲೆ ಕೂರುವ ಮುಂಚೆ ಅದನ್ನು ಕೇಳದೆ ಬಿಡಲಿಲ್ಲ.

"ರವಿಕೆ ಒಳ್ಗೆ."

ಅವಳು ನಕ್ಕಳು. "ಮಾವ ಇದ್ದಿದ್ರೆ ಏನಂತಿದ್ರು?"

"ನಿಮ್ಮಾವ ಅಲ್ಲಿಗೆ ಬೆಳಕಲ್ಲಿ ಬಂದೋನೇ ಅಲ್ಲ. ಅವ್ನಿಗೇನ್ ಗೊತ್ತು. ಕೂತ್ಕೊ."

ಅದು ಉರಿಯಲಿಲ್ಲ. ಲೋಳೆಯಾಗಿ, ತಣ್ಣಗೆ, ಮೈಮೇಲೆ ಜಾರಿತು. ವಾಸನೆ ಹೋಯಿತು. ಆ ಮಧ್ಯಾಹ್ನ ಅವಳು ಕೆರೆದುಕೊಳ್ಳದೆ ನಿದ್ದೆ ಮಾಡಿದಳು. ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಏರ್‌ಫೋರ್ಸಿನ ವಿಮಾನ ತಲೆಯ ಮೇಲೇ ಹೋದರೂ ಏಳಲಿಲ್ಲ. ಮಗ ಬಂದು ಇಣುಕಿ ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು ಹೋದ. ಆ ಒಂದು ಮಧ್ಯಾಹ್ನ ನಾನು ಗೆದ್ದೆ ಎಂದುಕೊಂಡಿದ್ದೆ.

ಮಾರನೆಯ ದಿನ ಆಸ್ಪತ್ರೆಗೆ ನಾನೂ ಹೋದೆ. ಸೂಜಿ ಹಾಕಿ ಸ್ವಲ್ಪ ಹೊತ್ತಿಗೆ ಅವಳ ಕಾಲ್ಬೆರಳು ಒಂದನ್ನೊಂದು ಉಜ್ಜಲು ಶುರುಮಾಡಿದವು. ಆಮೇಲೆ ಕತ್ತು. ಆಮೇಲೆ ಬೆನ್ನನ್ನು ಹಾಸಿಗೆಗೆ ತಿಕ್ಕತೊಡಗಿದಳು. ಕಣ್ಣಲ್ಲಿ ನೀರು ಕಿವಿಗೆ ಇಳಿಯುತ್ತಿತ್ತು. ನಾನು ಅಂಗಾಲು ಉಜ್ಜಿದೆ, ಬೆನ್ನ ಕೆಳಗೆ ಕೈ ತೂರಿಸಿ ಉಜ್ಜಿದೆ. ನರ್ಸಮ್ಮ ಬಂದಳು. ಒಳ್ಳೆಯ ಹುಡುಗಿ, ಬೈಯಲಿಲ್ಲ. ಪುಡಿಯ ವಿಷಯ ಹೇಳಿದೆ, ಇನ್ನೇನು ಸೇರಿಸಬಹುದು ಎಂದು ಕೇಳಿದೆ.

"ಅಜ್ಜಿ, ಇದು ಚರ್ಮದ ಕಾಯಿಲೆ ಅಲ್ಲ. ರಕ್ತದಲ್ಲಿ ಉಳಿದಿರೋ ಕಲ್ಮಶ ಒಳಗಿಂದ ಹೀಗೆ ಮಾಡುತ್ತೆ. ಮೇಲೆ ತೊಳೆದ್ರೆ ಮೇಲಿಂದು ಹೋಗುತ್ತೆ, ಅಷ್ಟೇ."

ಸೊಸೆ ಕೇಳಿಸಿಕೊಂಡಳು. ವಾಪಸು ಬರುವಾಗ ಆಟೋದಲ್ಲಿ, ಫ್ಲೈಓವರಿನ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಹೊರಗೆ ನೋಡುತ್ತಲೇ ಹೇಳಿದಳು.

"ಕೇಳಿಸ್ಕೊಂಡ್ರಲ್ಲಾ?"

"ಕೇಳುಸ್ತು."

"ಇನ್ನು ನನ್ನ ಕರ್ಕೊಂಡ್ ಬರಬೇಡಿ."

"ಇನ್ನೊಂದು ಪುಡಿ ಮಾಡ್ತೀನಿ ತಡಿ. ಮೆಂತ್ಯ ಕಮ್ಮಿ ಮಾಡಿ, ಬೇವು ಆಕಿ ನೋಡಾನ."

ನನ್ನ ಬಾಯಿಗೆ ಬಂದದ್ದು ಅಷ್ಟೇ. ಅವಳು ನನ್ನ ಕೈಯನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳು. ಮನೆ ಬರುವವರೆಗೂ ಉಜ್ಜಿದೆ.

ಅವಳು ಮತ್ತೆ ಹೋಗಲಿಲ್ಲ. ಮಗ ಕೂಗಾಡಿದ, ಕಾಲು ಹಿಡಿದ, ಅವಳ ಅಪ್ಪ ಅಮ್ಮನನ್ನು ಕರೆಸಿದ. ಡಾಕ್ಟರು ಫೋನಿನಲ್ಲಿ ಮಾತಾಡಿದರು. ಎಲ್ಲರಿಗೂ ಒಂದೇ ಮಾತು, "ಆಗಲ್ಲ." ನಾನು ಹೋಗು ಎಂದು ಹೇಳಲಿಲ್ಲ. ಹೋಗಬೇಡ ಎಂದೂ ಹೇಳಲಿಲ್ಲ. ಹಿತ್ತಿಲಲ್ಲಿ ಕುಟ್ಟುತ್ತಿದ್ದೆ. ಬೇವು ಹಾಕಿದ್ದು, ಮೆಂತ್ಯ ಬಿಟ್ಟದ್ದು, ಬರೀ ಹೆಸರುಹಿಟ್ಟಿನದ್ದು. ಒಂದೂ ಪ್ರಯೋಜನವಿಲ್ಲ ಎಂದು ಗೊತ್ತಿದ್ದೇ ಕುಟ್ಟಿದೆ. ಕೈ ಸುಮ್ಮನೆ ಬಿಟ್ಟರೆ ಏನು ಮಾಡುತ್ತದೋ ಎಂದು ಹೆದರಿಕೆಯಾಗಿತ್ತು.

ದಿನಾ ಸ್ನಾನ ಮಾತ್ರ ಕೇಳುತ್ತಿದ್ದಳು. ಕಾಲು ಊದಿ ಮಣೆಯ ಮೇಲೆ ಕೂರಲಾಗದ ಮೇಲೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆವು.

"ಇವತ್ತಿಂದು ಯಾವ ಪುಡಿ?"

"ಬೇವಿಂದು."

"ಏನಾದ್ರೂ ಆಗುತ್ತಾ ಇದ್ರಿಂದ?"

"ಇಲ್ಲ."

"ಹಾಕಿ. ನಿಮ್ ಕೈ ಗಟ್ಟಿಯಾಗಿ ಹಾಕಿ. ಆ ಎಮ್ಮೆ ಕೈ."

ನನ್ನ ಅಂಗೈ ಉಪ್ಪುಕಾಗದದ ಥರ. ಅದನ್ನು ಆಡಿಸುವಷ್ಟು ಹೊತ್ತು ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಆಗುತ್ತಿತ್ತು. ನಿಲ್ಲಿಸಿದ ಕೂಡಲೇ ಮತ್ತೆ ಶುರು. ನನಗೂ ರಟ್ಟೆ ಸೋಲುತ್ತಿತ್ತು. ಎಷ್ಟು ಹೊತ್ತೂಂತ ಉಜ್ಜಲಿ? ನಿಲ್ಲಿಸುತ್ತಿದ್ದೆ. ನಿಲ್ಲಿಸಿದಾಗ ಅವಳು ಕಣ್ಣು ತೆರೆಯುತ್ತಿದ್ದಳು, ಅಷ್ಟೇ. ಆಮೇಲೆ ಎದೆಯಲ್ಲಿ ನೀರು ತುಂಬಿ ಮಲಗಲಿಕ್ಕೂ ಆಗದೆ, ದಿಂಬಿಗೆ ಒರಗಿ ಕೂತೇ ಇದ್ದಳು. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದೆ, ಜೀವ ಇರಲಿಲ್ಲ.

ಬೀದಿಯ ಹೆಂಗಸರು ಬಂದರು. ಗಂಡನಿಗಿಂತ ಮುಂಚೆ ಹೋದಳು, ಪುಣ್ಯವಂತೆ ಎಂದರು. ಅಂಗಳದಲ್ಲಿ ಬೆಂಚು ಹಾಕಿ, ಸುತ್ತ ಸೀರೆ ಹಿಡಿದು, ಹಂಡೆಯಲ್ಲಿ ನೀರು ತಂದಿಟ್ಟರು.

"ಸೀಗೆಪುಡಿ ಎಲ್ಲವ್ವ?" ಎಂದು ಪಕ್ಕದ ಮನೆಯವಳು ಕೇಳಿದಳು. ಹೆಣಕ್ಕೆ ನೀರು ಹುಯ್ಯುವಾಗ ನಮ್ಮಲ್ಲಿ ಸೀಗೆಯೇ ಆಗಬೇಕು.

ಬಚ್ಚಲಿನ ಗೂಡಿನಲ್ಲಿ ಹೆಸರುಹಿಟ್ಟಿನ ಪುಡಿಯ ಡಬ್ಬಿಗಳು ಸಾಲಾಗಿ ಇದ್ದವು. ಅವುಗಳಲ್ಲಿ ಯಾವುದರಲ್ಲೂ ಸೀಗೆ ಇರಲಿಲ್ಲ, ನನ್ನ ಹಳೆಯ ಡಬ್ಬಿಯೂ ಖಾಲಿಯಾಗಿತ್ತು. ಅಂಗಡಿ ಇನ್ನೂ ತೆರೆದಿರಲಿಲ್ಲ. ಕುರ್ಚಿ ಹಾಕಿಕೊಂಡು ಹತ್ತಿ ಅಟ್ಟದಿಂದ ಆ ಚೀಲ ಇಳಿಸಿದೆ. ಇನ್ನು ಅವಳಿಗೆ ಏನು.

ನಾಲ್ಕು ಜನ ಸೇರಿ ಹಚ್ಚಿದೆವು. ಒಳ್ಳೆ ನೊರೆ ಬಂತು, ಮೊದಲ ದಿನದ ಹಾಗೇ. ಬೆನ್ನ ಮೇಲಿನ ಗೀಟುಗಳಲ್ಲೆಲ್ಲ ಹರಿಯಿತು. ಅವಳು ಮಿಸುಕಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವಳು ಕೈ ಹಿಂದಕ್ಕೆ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಎದುರಿಗಿದ್ದವಳು.

"ಇದೇನವ್ವ, ಕೈಯೆಲ್ಲ ಉರೀತದೆ?"

"ನಂಗೂ ಕಣ್ರಕ್ಕ. ಬೆಂಕಿ ಇಟ್ಟಂಗೆ. ಏನ್ ಪುಡೀನವ್ವ ಇದು?"

ಒಬ್ಬೊಬ್ಬರೇ ಎದ್ದು ನಲ್ಲಿಗೆ ಹೋಗಿ ಕೈಯೊಡ್ಡಿದರು. ಅಷ್ಟು ಉರಿಯುತ್ತಿತ್ತೆಂದು ನನಗೆ ತಿಳಿದದ್ದು ಆವಾಗ. ನನ್ನ ಎರಡು ಕೈಯೂ ಮೊಣಕೈವರೆಗೆ ಅದೇ ನೊರೆಯಲ್ಲಿ ಇದ್ದವು. ಏನೂ ಗೊತ್ತಾಗಲಿಲ್ಲ. ಉಳಿದ ಬೆನ್ನನ್ನು ನಾನೊಬ್ಬಳೇ ಉಜ್ಜಿ ತೊಳೆದೆ.