ಸ್ಟೆಲ್ಲಾ ಕೇಳಿದ ಪ್ರಶ್ನೆ

ಸ್ಟೆಲ್ಲಾ, ನೀನು ಹೇಳಿದ್ದೇ ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಇಡೀ ತರಗತಿಯ ಮುಂದೆ ನಿನ್ನ ಬಾಯಿ ಮುಚ್ಚಿಸಿದೆ.

ಕ್ರೈಸ್ತರ ಕತೆಗಳೆಲ್ಲ ಅವರಿಗಿಂತ ಹಿಂದಿನ ದೇವತೆಗಳಿಂದ ಎತ್ತಿಕೊಂಡವು ಎನ್ನುವ ಆ ನೂರೈವತ್ತು ವರ್ಷ ಹಳೆಯ ಇಂಗ್ಲಿಷ್ ಪುಸ್ತಕವನ್ನು ಹಾಸನದ ಕಾಲೇಜಿನಲ್ಲಿ ನಾನು ವರ್ಷವರ್ಷವೂ ಪಾಠ ಮಾಡುತ್ತಿದ್ದೆ. ನೀನು ಅದನ್ನೇ ವಿಮರ್ಶಿಸಿ ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆದೆ. ರೋಮನ್ನರು ಪೂಜಿಸುತ್ತಿದ್ದ ಮಿತ್ರ ಎಂಬ ದೇವರೂ ಕನ್ಯೆಯ ಮಗ ಎನ್ನುತ್ತದೆ ಪುಸ್ತಕ. ಹಳೆಯ ಶಿಲ್ಪಗಳಲ್ಲಿ ಅವನು ಬಂಡೆಯಿಂದ ಎದ್ದು ಬರುತ್ತಾನಲ್ಲ ಎಂದೆ ನೀನು. "ಸಾ, ಬರೆದೋರು ಮೂಲ ನೋಡವ್ರಾ?"

"ಇದು ಚರ್ಚಲ್ಲ ಕಣಮ್ಮ, ಕ್ಲಾಸು" ಎಂದೆ. ಎಲ್ಲರೂ ನಕ್ಕರು. ನಗಲಿ ಎಂದೇ ಹೇಳಿದ್ದೆ.

ಮೂಲ — ಎಲ್ಲಿಯ ಮೂಲ! ನಿನ್ನ ಪ್ರಬಂಧ ಕೈಗೆ ಬಂದ ದಿನವೇ ಗ್ರಂಥಾಲಯದಲ್ಲಿ ಕೂತು ತಡಕಿದ್ದೆ. ಆ ಪುಸ್ತಕ ಬರೆದ ಮಹಾಶಯ ಇನ್ನೊಬ್ಬನ ಪುಸ್ತಕ ತೋರಿಸುತ್ತಾನೆ, ಅವನು ಮತ್ತೊಬ್ಬನದು. ಬರೀ ಅಂತೆಕಂತೆಗಳ ಸಂತೆ. ಆದರೂ ನಿನ್ನ ಪ್ರಬಂಧವನ್ನು ಸಂಕಿರಣದಿಂದ ಕೈಬಿಟ್ಟೆ. ನಾನು — ಜೈನ! ನಮ್ಮ ಧರ್ಮ ಬೌದ್ಧದ ಕವಲು ಎಂದು ಅದೇ ಕಾಲದ ಬಿಳಿ ಪಂಡಿತರು ಬರೆದದ್ದಕ್ಕೆ, ನಮ್ಮ ಗ್ರಂಥ ತೆರೆದು ನೋಡಿದ್ದರೇ ಎಂದು ಅದೇ ತರಗತಿಯಲ್ಲಿ ಮೇಜು ಗುದ್ದುತ್ತಿದ್ದವನು!

ನೀನು ಕಾಲೇಜಿಗೆ ಬರುವುದನ್ನೇ ಬಿಟ್ಟೆ. ನಿನ್ನ ಅಪ್ಪ ಹುಡುಕಿಕೊಂಡು ಬಂದರು. "ನಮ್ಮುಡ್ಗಿ ಪುಸ್ತಕ ಮುಟ್ಟಾಕಿಲ್ಲ ಅಂತವ್ಳೆ ಸಾ, ಏನಾಯ್ತು?" ಓದು ಭಾರವಾಗಿರಬೇಕು ಎಂದೆ. ಅದನ್ನೂ ಅವರು ನಂಬಿದರು.

ಮೊನ್ನೆ ಚನ್ನರಾಯಪಟ್ಟಣದ ಸಭೆಯಲ್ಲಿ, ನಿನ್ನ ಜೊತೆ ಓದಿದವನೇ ಒಬ್ಬ, ಜೈನವೆಂಬುದು ಬೌದ್ಧದ ಕವಲೆಂದು ಭಾಷಣ ಬಿಗಿದ. ತಡೆಯಲಾಗಲಿಲ್ಲ. ಎದ್ದು ನಿಂತು, "ಮೂಲ ನೋಡಿದೀಯೇನಯ್ಯಾ?" ಎಂದೆ.

"ಇದು ಬಸದಿ ಅಲ್ಲ ಸಾ, ಸಭೆ."

ಎಲ್ಲರೂ ನಕ್ಕರು. ನನ್ನ ಪಾಠ ಮರೆತಿದ್ದ. ಆ ಮಾತನ್ನು ಮಾತ್ರ ಮರೆತಿರಲಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಎಲ್ಲರಲ್ಲೂ ಕ್ಷಮೆ ಕೇಳುವುದು ನಮ್ಮವರ ಪದ್ಧತಿ. "ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ" ಎಂದು ವರ್ಷವೂ ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸುತ್ತೇನೆ — ಹಾಲಿನವನಿಗೂ. ನಿನಗೊಬ್ಬಳಿಗೆ ಕಳಿಸಲು ಕೈ ಬರಲಿಲ್ಲ. ಥೂ, ಎಷ್ಟು ಅಗ್ಗ ಮಾಡಿಬಿಟ್ಟೆ ಆ ಮಾತನ್ನು! ಅರಕಲಗೂಡಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೀಯಂತೆ. ಎಷ್ಟು ಸಲ ಆ ಬಸ್ಸು ಹತ್ತಬೇಕೆಂದುಕೊಂಡು...

ಅಂದು ತರಗತಿಯಲ್ಲಿ ನಕ್ಕವರಲ್ಲಿ ಸಿಕ್ಕವರಿಗೆಲ್ಲ ಈ ಕಾಗದವನ್ನು ಮೊದಲು ಕಳಿಸಿದ್ದೇನೆ. ಈಗ ನಿನಗೆ. ತಿಳಿದೋ ತಿಳಿಯದೆಯೋ ಎನ್ನಲಾರೆ, ಸ್ಟೆಲ್ಲಾ. ತಿಳಿದೇ ಮಾಡಿದೆ.