ನಮ್ಮಿಬ್ಬರ ಇನಿಷಿಯಲ್

ಎಂಬ್ರಾಯ್ಡರಿ ಡಿಸೈನ್ ಮಾಡೋ ಸಾಫ್ಟ್‌ವೇರ್ ಕೊಂಡ ವಾರಕ್ಕೇ ಎಂಬ್ರಾಯ್ಡರಿ ಕೆಲಸವೇ ಬೇಜಾರಾಗಿ, ಅದನ್ನು ತೆರೆಯದೆ ಲಾರಿ ಓಡಿಸೋ ಕೆಲಸಕ್ಕೆ ಸೇರಿಬಿಟ್ಟೆ. ಚಂದ್ರಾ ಲೇಔಟಿನಲ್ಲಿ ಬ್ಲೌಸ್ ಹೊಲಿಯುವ ತಂಗಿ ಸುಧಾ ಅದನ್ನೇ ನಂಬಿ ದೊಡ್ಡ ಮದುವೆ ಆರ್ಡರ್ ಒಪ್ಪಿಕೊಂಡಿದ್ದಳು. ಸಾಫ್ಟ್‌ವೇರ್ ಲೈಸೆನ್ಸ್ ಅವಳ ಹೆಸರಿಗೆ ಮಾಡಿಕೊಡಿ ಅಂತ ಕಂಪನಿಗೆ ಫೋನ್ ಮಾಡಿದೆ.

"ಮನೆಯವರಿಗೆ ಮಾತ್ರ ಕೊಡಬಹುದು ಸಾರ್. ನಿಮ್ಮ ಸರ್‌ನೇಮ್ ಕೆ, ಅವರದು ಎಂ. ಮ್ಯಾಚ್ ಆಗ್ತಿಲ್ಲ," ಅಂದಳು ಆ ಕಡೆಯ ಹುಡುಗಿ.

"ಕೆ ಅಂದ್ರೆ ಕೆಂಗೇರಿ ಮೇಡಂ, ನಮ್ಮೂರು. ಎಂ ಅಂದ್ರೆ ಅವಳ ಗಂಡ ಮಂಜುನಾಥ. ನಿಮ್ಮ ಇನಿಷಿಯಲ್ ಏನು?"

"ಟಿ. ತಿಪಟೂರು," ಅಂದು ನಕ್ಕಳು.

"ನಿಮ್ಮಮ್ಮಂದು?"

"ಬಿ. ನಮ್ಮಪ್ಪನ ಹೆಸರು."

"ಹಾಗಾದ್ರೆ ಅವರು ನಿಮ್ಮ ಮನೆಯವರಲ್ವಾ?"

ಸಂಜೆಯೊಳಗೆ ಲೈಸೆನ್ಸ್ ಸುಧಾಗೆ ಬಂತು. ಸರ್‌ನೇಮ್ ಜಾಗದಲ್ಲಿ ನಮ್ಮಿಬ್ಬರಿಗೂ ಕೆಂಗೇರಿ ಅಂತಲೇ ಹಾಕಿದ್ದಳು ಕಂಪನಿಯ ಆ ಹುಡುಗಿ. ಮಂಜುನಾಥನಿಗೆ ನಾವಿನ್ನೂ ಹೇಳಿಲ್ಲ.