ಮುಗಿಯದ ತೀರ್ಪಿನ ಕೆಳಗೆ ಹಾಲು ಕರೆದ ಡಾರ್ಲೀನ್

ಬೆಳಕು ಇನ್ನೂ ಗುಡ್ಡದ ಆಚೆಗೇ ಇದೆ. ಈಸ್ಟ್ ಹಾರ್ಲೋ ಊರಿನ ಮೇಕೆ ಕೊಟ್ಟಿಗೆಯಲ್ಲಿ ಡಾರ್ಲೀನ್ ಪೆಲ್ಕಿ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಒಂದೊಂದೇ ಮೇಕೆಯನ್ನು ಹಾಲು ಕರೆಯುವ ಕಟ್ಟೆಗೆ ಹತ್ತಿಸುತ್ತಿದ್ದಾರೆ. ಯಂತ್ರ ಹಾಕುವ ಮೊದಲು ಪ್ರತಿಯೊಂದರಿಂದಲೂ ನಾಲ್ಕು ಧಾರೆ ಕೈಯಿಂದ ಕರೆದು, ಕಪ್ಪು ಬಟ್ಟಲಿನಲ್ಲಿ ಹಿಡಿದು, ದೀಪದ ಹತ್ತಿರ ಒಯ್ದು ನೋಡುತ್ತಾರೆ. ಹಾಲಿನಲ್ಲಿ ಗಂಟು ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಎಂದರ್ಥ, ಆ ಮೇಕೆಯ ಹಾಲು ಬೇರೆ ಡಬ್ಬಿಗೆ. ಹೊರಗೆ ನವೆಂಬರಿನ ಹಿಮ ಸದ್ದಿಲ್ಲದೆ ಬೀಳುತ್ತಿದೆ, ಒಳಗೆ ಅರವತ್ತು ಚಿಲ್ಲರೆ ಬಾಯಿಗಳು ಒಟ್ಟಿಗೆ ಮೇವು ಅಗಿಯುತ್ತಿವೆ.

"ಏಯ್ ಡಚೆಸ್, ಕಾಲು ಕೆಳಗಿಡೇ! ನಿನ್ನ ಸೊಕ್ಕೆಲ್ಲ ನಂಗೊತ್ತು" ಎಂದು ಬಿಳಿ ಮೇಕೆಯೊಂದರ ತೊಡೆಗೆ ಮೆಲ್ಲನೆ ತಟ್ಟುತ್ತಾರೆ. ಆಮೇಲೆ ಇತ್ತ ತಿರುಗಿ, "ಇವಳು ಈಗ ಇಲ್ಲಿರ್ಬಾರ್ದಿತ್ತು. ಏಪ್ರಿಲಲ್ಲೇ ಇವಳಿಗೋಸ್ಕರ ಅತ್ತು ಮುಗ್ಸಿದ್ದೆ. ಒಂದು ತೀರ್ಪು ಬಂದ್ಮೇಲೂ ಅದು ತೀರ್ಪಲ್ಲ ಅಂತ ನಂಗ್ಯಾರು ಹೇಳಿದ್ರು?" ಎನ್ನುತ್ತಾರೆ.

ಡಾರ್ಲೀನ್‌ಗೆ ಐವತ್ತೆಂಟು ವರ್ಷ. ಮೇಕೆ ಹಾಲಿನ ಚೀಸ್ ಮಾಡುವ ಈ ಕಂಪನಿಯಲ್ಲಿ ಅವರಿಗೆ ಚಿಕ್ಕಾಸಿನ ಪಾಲೂ ಇಲ್ಲ. ಚೀಸ್ ಡಬ್ಬಿಯ ಮೇಲೆ ಇರುವುದು ಇಬ್ಬರದೇ ಹೆಸರು. ಒಬ್ಬರು ಕರ್ಟಿಸ್ ಹೇಲ್, ಊರಿನ ಕಚೇರಿಯಲ್ಲಿ ಕೂತು ವ್ಯಾಪಾರ ನೋಡಿಕೊಳ್ಳುವವರು. ಇನ್ನೊಬ್ಬರು ಜೊವಾನ್ ಫಿಸ್ಕ್, ಕೈಯಾರೆ ಚೀಸ್ ಮಾಡುವವರು. ಇಬ್ಬರದೂ ಅರ್ಧರ್ಧ ಪಾಲು. ಕರ್ಟಿಸ್‌ಗೆ ಸಾಕಾಗಿತ್ತು. ಜಮೀನನ್ನೂ ಹಿಂಡನ್ನೂ ಮಾರಿ ಕೈ ತೊಳೆದುಕೊಳ್ಳೋಣ ಎಂದರು. ಜೊವಾನ್ ಒಪ್ಪಲಿಲ್ಲ. ಜಗಳ ಜಿಲ್ಲಾ ನ್ಯಾಯಾಲಯ ಹತ್ತಿತು. ಮೊಕದ್ದಮೆ ಮುಗಿಯುವವರೆಗೆ ಹಿಂಡು ಇದ್ದಂತೆಯೇ ಇರಬೇಕು, ಡಾರ್ಲೀನ್ ಪೆಲ್ಕಿ ಅದನ್ನು ನೋಡಿಕೊಳ್ಳಬೇಕು ಎಂದು ಆದೇಶವಾಯಿತು. ಅಲ್ಲಿಂದ ಈಚೆಗೆ ಈ ಹೆಂಗಸಿಗೆ ಯಜಮಾನರು ಯಾರೆಂಬುದೇ ತಿಳಿಯದೆ ಹೋಯಿತು, ಆದರೂ ಬೆಳಗಿನ ಹಾಲು ಒಂದು ದಿನವೂ ತಪ್ಪಲಿಲ್ಲ.

ಹರಾಜು ಎಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಅವರು ಹುಡುಗಿಯಾಗಿದ್ದಾಗ ಅಪ್ಪನ ಹಸುಗಳು ಹರಾಜಿಗೆ ಹೋದವು. ಅಪ್ಪ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತರು. ಹಗ್ಗ ಹಿಡಿದು ಒಂದೊಂದೇ ಹಸುವನ್ನು ಜನರ ನಡುವೆ ಸುತ್ತಿಸಿದವರು ಡಾರ್ಲೀನ್. "ಹಸುಗಳಿಗೆ ನನ್ನ ಮೇಲೆ ನಂಬಿಕೆ ಇತ್ತಲ್ಲ, ನಾನು ಎಳೆದ್ರೆ ಬರ್ತಿದ್ವು. ಇನ್ನೊಂದು ಸಲ ಆ ಹಗ್ಗ ಹಿಡಿಯಲ್ಲ ಅಂತ ಅವತ್ತೇ ಅಂದ್ಕೊಂಡಿದ್ದೆ" ಎನ್ನುತ್ತಾರೆ. ಇಲ್ಲಿನ ಹಿಂಡು ಮಾರಾಟವಾದರೆ ಎಳೆಯವು ಯಾರದೋ ಕೊಟ್ಟಿಗೆ ಸೇರುತ್ತವೆ, ವಯಸ್ಸಾದವು ಕಟುಕರ ಲಾರಿ ಹತ್ತುತ್ತವೆ. ಡಚೆಸ್‌ಗೆ ವಯಸ್ಸಾಗಿದೆ.

ಏಪ್ರಿಲ್‌ನಲ್ಲಿ ಆ ಸಿಡಿಲು ಬಡಿಯಿತು. ಪಾಲುದಾರರ ಒಪ್ಪಂದದಲ್ಲಿ ಒಂದು ಮಾತಿತ್ತು: ಒಬ್ಬರು ಇಡೀ ವರ್ಷ ಕೆಲಸ ಬಿಟ್ಟು ಹೋದರೆ, ಇನ್ನೊಬ್ಬರು ಕೇಳದೆಯೇ ಮಾರಬಹುದು. ತಾಯಿಗೆ ಪಾರ್ಶ್ವವಾಯು ಬಡಿದ ವರ್ಷ ಜೊವಾನ್ ಕೆಲಸಕ್ಕೇ ಬಂದಿಲ್ಲ ಎಂದು ಕರ್ಟಿಸ್ ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಜೊವಾನ್ ಪರ ವಕೀಲ ನೀಲ್ ಗಾಡೆಟ್ ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಗಡುವು ದಾಟಿತ್ತು. ನ್ಯಾಯಾಧೀಶೆ ಕಿಂಬಲ್ ಆ ಉತ್ತರವನ್ನು ಮುಟ್ಟಲೇ ಇಲ್ಲ. ಸಾಕ್ಷಿಗಳ ವಿಚಾರಣೆಯೂ ಇಲ್ಲದೆ, ಬರೀ ಕಾಗದ ನೋಡಿ, ಮಾರುವ ಹಕ್ಕು ಕರ್ಟಿಸ್‌ಗಿದೆ ಎಂದುಬಿಟ್ಟರು.

ಜೊವಾನ್ ಅಂದು ಕೊಟ್ಟಿಗೆಗೆ ಬಂದವರು ಹುಲ್ಲಿನ ಮೇಲೆ ಕೂತುಬಿಟ್ಟರು. ನೀಲ್ ತಪ್ಪಿತಸ್ಥನ ಮುಖ ಹೊತ್ತು, "ಮೇಲಿನ ಕೋರ್ಟಿಗೆ ಹೋಗೋಣ" ಎಂದ. ಎಲ್ಲರ ಜೀವವೂ ಆ ಒಂದು ಮಾತಿಗೆ ಜೋತುಬಿದ್ದಿತು.

ಜೂನ್‌ನಲ್ಲಿ ಮೇಲಿನ ನ್ಯಾಯಾಲಯದಿಂದ ಉತ್ತರ ಬಂತು. ಸರಿ ಎಂದೂ ಇಲ್ಲ, ತಪ್ಪು ಎಂದೂ ಇಲ್ಲ. ಕೆಳಗೆ ಅಂತಿಮ ತೀರ್ಪು ಆಗಿಲ್ಲ, ಆದ್ದರಿಂದ ಮೇಲ್ಮನವಿ ವಜಾ. ಸುದ್ದಿ ಹೇಳಲು ನೀಲ್ ಬೆಳಿಗ್ಗೆಯೇ ಬಂದಿದ್ದ. ಡಾರ್ಲೀನ್ ಕೈಯಲ್ಲಿದ್ದ ಬಟ್ಟಲು ಜಾರಿ ಬಿತ್ತು.

"ಆಗಿಲ್ಲ ಅಂದ್ರೇನೋ? ಏಪ್ರಿಲಲ್ಲಿ ಆಗಿದ್ದು ಮತ್ತೇನು? ನನ್ನ ಎದೆ ಒಡೆದಿದ್ದು ಸುಮ್ನೇನಾ?"

"ಅದು ಅರ್ಧ ಅಷ್ಟೇ, ಡಾರ್ಲೀನ್. ಕರ್ಟಿಸ್ ಅವ್ರು ಜೊವಾನ್ ಮೇಲೆ ಇನ್ನೊಂದು ದೂರು ಹಾಕಿದಾರಲ್ಲ, ಕಂಪನಿ ಚೀಸನ್ನ ಶನಿವಾರದ ಸಂತೇಲಿ ಕದ್ದು ಮಾರಿದ್ರು ಅಂತ? ಅದು ಹಾಗೇ ಇದೆ. ಅದು ಮುಗಿಯೋವರೆಗೆ ಅವ್ರೂ ಹಿಂಡು ಮಾರೋ ಹಾಗಿಲ್ಲ. ಒಂದು ತಕರಾರು ಉಳಿದ್ರೂ ಮೇಲಿನವ್ರು ಬಾಗಿಲು ತೆಗೆಯಲ್ಲ."

"ಆ ಸಂತೆ ಜಗಳಕ್ಕೂ ಇದಕ್ಕೂ ಏನಪ್ಪಾ ಸಂಬಂಧ? ಮೇಲೆ ಕೂತೋರಿಗೆ ಕಣ್ಣಿಲ್ವಾ?"

ನೀಲ್ ಬಾಗಿ ಬಟ್ಟಲು ಎತ್ತಿಕೊಟ್ಟ. "ತುಂಡು ತುಂಡಾಗಿ ಕೇಳ್ತಾ ಹೋದ್ರೆ ಒಂದೇ ಜಗಳ ಹತ್ತು ಸಲ ಮೇಲೆ ಹತ್ತತ್ತೆ. ದುಡ್ಡಿರೋನು ಕೆಳಗಿನ ಕೋರ್ಟು ಕೆಮ್ಮಿದ್ರೂ ಮೇಲಕ್ಕೆ ಓಡ್ತಾನೆ, ಎದುರಿನೋನು ಓಡಾಡಿ ಓಡಾಡಿಯೇ ಸಾಯ್ತಾನೆ. ಪೂರ್ತಿ ಕಥೆ ಮುಗಿದ್ಮೇಲೆ ಒಂದೇ ಸಲ ತನ್ನಿ, ಎಲ್ಲಾ ಒಟ್ಟಿಗೆ ನೋಡ್ತೀವಿ ಅಂತಾರೆ. ಇನ್ನೊಂದೇನಂದ್ರೆ, ಮುಗಿಸೋವರೆಗೆ ಕೆಳಗಿನ ನ್ಯಾಯಾಧೀಶರು ತಮ್ಮ ಮಾತನ್ನ ತಾವೇ ಬದಲಾಯಿಸ್ಬಹುದು."

"ಬದಲಾಯಿಸಿದ್ದು ನೋಡಿದೀಯಾ?"

"ನಾನಂತೂ ನೋಡಿಲ್ಲ."

"ಮತ್ತೆ ಯಾಕೆ ಬೆಳ್‌ಬೆಳಿಗ್ಗೆ ನನ್ನ ಕಿವಿಗೆ ಹೂ ಇಡ್ತೀಯಾ? ಹೋಗು, ಆ ಹುಲ್ಲಾದ್ರೂ ಈಚೆ ಎಳೆದು ಹಾಕು."

ಏಪ್ರಿಲಿನ ಆ ಒಂದು ಭಾಗವನ್ನಷ್ಟೇ ಅಂತಿಮವೆಂದು ಬರೆದುಕೊಡಿ ಎಂದು ನೀಲ್ ನ್ಯಾಯಾಧೀಶೆಯನ್ನೂ ಕೇಳಿ ನೋಡಿದ. ಹಾಗೆ ಕೊಡಲು ಅವಕಾಶವಿದೆ. ಎರಡೂ ದೂರು ಒಂದೇ ವರ್ಷದ, ಒಂದೇ ಕೊಟ್ಟಿಗೆಯ ಕಥೆ, ಬೇರೆ ಮಾಡಲಾಗದು ಎಂದು ಆಕೆ ಒಪ್ಪಲಿಲ್ಲ.

ಇಲ್ಲಿ ಮೂಗಿನ ಮೇಲೆ ಬೆರಳಿಡುವಂಥ ಇನ್ನೊಂದು ಸಂಗತಿಯಿದೆ. ಕರ್ಟಿಸ್ ಆ ಸಂತೆಯ ದೂರನ್ನು ಕೈಬಿಟ್ಟಿದ್ದರೆ ಅಲ್ಲಿಗೆ ಎಲ್ಲ ಮುಗಿದು, ಗೆದ್ದ ತೀರ್ಪೇ ಅಂತಿಮವಾಗುತ್ತಿತ್ತು. ಬಿಟ್ಟುಬಿಡಿ ಎಂದು ಅವರ ವಕೀಲರು ಕಾಲಿಗೆ ಬೀಳುವುದೊಂದು ಬಾಕಿಯಿತ್ತಂತೆ. ಕರ್ಟಿಸ್ ಮಾತ್ರ ಜೊವಾನ್ ತುಂಬಿದ ಕೋರ್ಟಿನಲ್ಲಿ ತಪ್ಪಾಯಿತು ಎನ್ನಬೇಕು ಎಂದು ಹಠ ಹಿಡಿದರು. ಕೆಟ್ಟವರೇನಲ್ಲ ಅವರು. ತಮ್ಮ ಬೆನ್ನ ಹಿಂದೆ ಕಳ್ಳತನ ನಡೆಯಿತೆಂದು ನಿಜವಾಗಿಯೂ ನೊಂದಿದ್ದರು.

ಶರತ್ಕಾಲ ಬಂತು. ಮೇಕೆಗಳು ಬೆದೆಗೆ ಬರುವುದು ಆಗಲೇ. ಆಗ ಹೋತ ಬಿಡದಿದ್ದರೆ ವಸಂತಕ್ಕೆ ಮರಿ ಇಲ್ಲ, ಮರಿ ಇಲ್ಲದಿದ್ದರೆ ಹೊಸ ಹಾಲಿಲ್ಲ, ಹಿಂಡು ತಾನಾಗಿಯೇ ಮುಗಿದಂತೆ. ಆದೇಶದಲ್ಲಿ ನೋಡಿದರೆ ಹಿಂಡು ಇದ್ದಂತೆಯೇ ಇರಬೇಕು ಎಂದಿದೆ. ಗಬ್ಬವಾದರೆ ಇದ್ದಂತೆ ಇದ್ದ ಹಾಗಾಯಿತೇ? ಡಾರ್ಲೀನ್ ಎಲ್ಲರನ್ನೂ ಕೇಳಿದರು. ಜೊವಾನ್ ಅಳುವ ಹಾಗಾದರು. ಕರ್ಟಿಸ್ ಕಡೆಯವರು ಮಾರುವ ಹಿಂಡಿಗೆ ಹೋತ ಯಾಕೆ ಎಂದರು. ನೀಲ್, "ಈಗ ಏನೂ ಮಾಡ್ಬೇಡಿ, ಅದನ್ನೇ ಹಿಡ್ಕೊಂಡು ನಮ್ಮ ಮೇಲೆ ಬೀಳ್ತಾರೆ" ಎಂದು ಕೈಮುಗಿದ.

"ಬೇಲಿ ಆಚೆ ಆ ಸೆನೆಟರ್ ಒದ್ದಾಡೋದು, ಈಚೆ ಇವು ಬಾಲ ಅಲ್ಲಾಡಿಸ್ಕೊಂಡು ಕೂಗೋದು" ಎಂದು ಡಾರ್ಲೀನ್ ನೆನಪಿಸಿಕೊಳ್ಳುತ್ತಾರೆ. ಸೆನೆಟರ್ ಎಂದರೆ ಅವರ ಹೋತ, ನಾಲ್ಕು ಹೊಲದಾಚೆಗೂ ನಾರುವ ಮಹಾಶಯ. "ನ್ಯಾಯಾಲಯಕ್ಕೆ ಕಾಯೋಕಾಗತ್ತೆ. ಇವುಕ್ಕೆ ಹೇಗೆ ಹೇಳ್ಲಿ?"

ಅಕ್ಟೋಬರಿನ ಕೊನೆಯ ವಾರ ಸಂತೆಯ ದೂರಿನ ವಿಚಾರಣೆ ನಡೆಯಿತು. ಡಾರ್ಲೀನ್‌ರನ್ನು ಸಾಕ್ಷಿಗೆ ಕರೆದದ್ದು ಜೊವಾನ್ ಅಲ್ಲ, ಕರ್ಟಿಸ್‌ರ ವಕೀಲರು. ಸಂತೆಯಲ್ಲಿ ಮಾರಿದ ಚೀಸ್ ಯಾರು ಮಾಡಿದ್ದು ಎಂದು ಅವರಿಗೆ ಗಟ್ಟಿಮಾಡಿಕೊಳ್ಳಬೇಕಿತ್ತು.

"ಜೊವಾನೇ ಮಾಡಿದ್ದು."

"ಎಲ್ಲಿ?"

"ಇನ್ನೆಲ್ಲಿ ಸರ್, ಅಲ್ಲೇ, ಕೊಟ್ಟಿಗೆ ಪಕ್ಕದ ಕೋಣೇಲಿ. ನಾನು ಹಾಲು ಕರೆದು ಕೊಡ್ತಿದ್ದೆ. ಅವ್ರು ಹಿಂದಿನ ದಿನ ಹೆಪ್ಪಾಗಿದ್ದನ್ನ ಅಚ್ಚಿಗೆ ತುಂಬಿ, ಹೊಸ ಹಾಲು ಇಟ್ಟು, ಒಂಬತ್ತಕ್ಕೆ ಅವರಮ್ಮನ ಹತ್ರ ಓಡ್ತಿದ್ರು."

"ಯಾವ ತಿಂಗಳಲ್ಲಿ?"

"ಎಲ್ಲಾ ತಿಂಗಳೂ."

ವಕೀಲರ ಮುಖ ಅರಳಿತಂತೆ, ಕಳ್ಳತನ ವರ್ಷವಿಡೀ ನಡೆದಿದೆ ಎಂದು. ನ್ಯಾಯಾಧೀಶೆ ಕಿಂಬಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೇರ ಕರ್ಟಿಸ್ ಕಡೆ ನೋಡಿದರು.

"ಹೇಲ್ ಅವರೇ, ಆ ವರ್ಷವೆಲ್ಲ ಚೀಸ್ ಮಾಡಿದ್ದು ಜೊವಾನ್ ಅವರೇ ಅಂತ ನೀವೂ ಹೇಳ್ತೀರಾ?"

"ಹೌದು ಮೇಡಂ, ಅವಳೇ! ಅದನ್ನೇ ಅಲ್ವಾ ನಾನು ಮೊದಲಿಂದ ಬಡ್ಕೊಳ್ತಿರೋದು?"

"ಹಾಗಾದ್ರೆ ಆ ವರ್ಷ ಅವರು ಕೆಲಸ ಬಿಟ್ಟು ಹೋಗಿದ್ದು ಯಾವಾಗ?"

ಕರ್ಟಿಸ್ ಕೊಟ್ಟಿಗೆಗೆ ಬರುತ್ತಿದ್ದುದು ಹತ್ತರ ಮೇಲೆ. ಖಾಲಿ ಕೋಣೆ ನೋಡಿ ಆಕೆ ಬಂದಿಲ್ಲವೆಂದು ನಂಬಿದ್ದರು, ಸಂತೆಯಲ್ಲಿ ಚೀಸ್ ನೋಡಿ ಕದ್ದಳೆಂದು ನಂಬಿದ್ದರು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಯಾರೂ ನೋಡಿರಲಿಲ್ಲ. ಡಾರ್ಲೀನ್‌ಗೆ ಅದು ಹೊಳೆದದ್ದು ಸಾಕ್ಷಿಕಟ್ಟೆಯಲ್ಲೇ. ತಾನು ಹೇಳಿದ್ದು ದಿನಾ ಕಂಡ ಮಾತು, ಅದಕ್ಕೆ ಇಷ್ಟು ತೂಕವಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ಅವರನ್ನು ಆ ಪ್ರಶ್ನೆ ಕೇಳಿದವರೇ ಇರಲಿಲ್ಲ.

"ಏಪ್ರಿಲಲ್ಲಿ ನಾನು ಹೇಳಿದ್ದನ್ನ ತಿದ್ದೋದು ಇನ್ನೂ ನನ್ನ ಕೈಯಲ್ಲೇ ಇದೆ. ಈ ಮೊಕದ್ದಮೆ ಮುಗಿದಿಲ್ಲ" ಎಂದರು ನ್ಯಾಯಾಧೀಶೆ. ತಿದ್ದಿಯೂ ತಿದ್ದಿದರು. ಜೊವಾನ್ ಕೆಲಸ ಬಿಟ್ಟಿರಲಿಲ್ಲ, ಆದ್ದರಿಂದ ಆಕೆಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಮಾರಿದ್ದು ಕಂಪನಿಯ ಚೀಸು, ಕಂಪನಿಯ ಹೆಸರಲ್ಲೇ, ಆದ್ದರಿಂದ ಕಳ್ಳತನವೂ ಅಲ್ಲ. ಹಿಂಡನ್ನು ಕಟ್ಟಿಹಾಕಿದ್ದ ಆದೇಶ ಅಲ್ಲಿಗೆ ರದ್ದು. ಇದು ಅಂತಿಮ ತೀರ್ಪು.

ಹೊರಗೆ ಮೆಟ್ಟಿಲ ಮೇಲೆ ನೀಲ್ ತಲೆ ಹಿಡಿದು ಕೂತಿದ್ದ. "ಜೂನಲ್ಲಿ ಮೇಲಿನವ್ರು ನಮ್ಮನ್ನ ಒಳಗೆ ಬಿಟ್ಟಿದ್ರೆ ಏಪ್ರಿಲ್ ಕಾಗದಗಳನ್ನ ಮಾತ್ರ ನೋಡ್ತಿದ್ರು. ಅದರಲ್ಲಿ ನಿಮ್ಮ ಸಾಕ್ಷಿ ಇರ್ಲೇ ಇಲ್ಲ, ಡಾರ್ಲೀನ್. ನಾವು ಸೋತು ಮನೆಗೆ ಹೋಗಿರ್ತಿದ್ವಿ." ಜೊವಾನ್ ಡಾರ್ಲೀನ್‌ರನ್ನು ತಬ್ಬಿಕೊಂಡು, "ಊಟಕ್ಕೆ ಹೋಗೋಣ ಬಾರೇ, ಇವತ್ತೊಂದು ದಿನ" ಎಂದರು. ಡಾರ್ಲೀನ್ ನಿಲ್ಲಲಿಲ್ಲ. ಕೋರ್ಟಿಗೆಂದು ಹಾಕಿದ್ದ ಒಳ್ಳೆಯ ಕೋಟಿನಲ್ಲೇ ಕೊಟ್ಟಿಗೆಗೆ ಬಂದು, ಬೇಲಿಯ ಅಗಳಿ ತೆಗೆದು ಸೆನೆಟರ್‌ನನ್ನು ಹಿಂಡಿನೊಳಕ್ಕೆ ಬಿಟ್ಟರು. ಆ ಕೋಟು ಈಗಲೂ ಹೊರಗಿನ ಮೊಳೆಗೆ ನೇತಾಡುತ್ತಿದೆ, ಆ ನಾತಕ್ಕೆ ಮನೆಯೊಳಗೆ ತರಲು ಗಂಡ ಬಿಡುತ್ತಿಲ್ಲ.

ಕಳೆದ ವಾರ ಕರ್ಟಿಸ್ ಮೇಲ್ಮನವಿ ಹಾಕಿದ್ದಾರೆ. ಈ ಸಲ ಏನೂ ಬಾಕಿಯಿಲ್ಲ, ಮೇಲಿನ ನ್ಯಾಯಾಲಯ ತೆಗೆದುಕೊಂಡಿದೆ. ಕೇಳಿದಾಗ ಡಾರ್ಲೀನ್ ಕಣ್ಣು ಕಣ್ಣು ಬಿಟ್ಟರು. "ಇವ್ರದ್ದು ಮುಗಿದ ಮೇಲೇನಾ ಶುರುವಾಗೋದು?" ಎಂದು ಇಂದಿಗೂ ಬಂದವರನ್ನೆಲ್ಲ ಕೇಳುತ್ತಾರೆ. ಮತ್ತೆ ಸೋತರೆ ಎಂಬ ಹೆದರಿಕೆ ಅವರಿಗಿಲ್ಲದೆ ಇಲ್ಲ. ಮೇಲಿನವರು ಹೊಸ ಸಾಕ್ಷಿ ಕೇಳುವುದಿಲ್ಲ, ಕೆಳಗೆ ಹೇಳಿದ್ದನ್ನೇ ಓದುತ್ತಾರೆ ಎಂದು ನೀಲ್ ಎಷ್ಟು ಬಾರಿ ಹೇಳಿದರೂ ಅವರಿಗೆ ನಂಬಿಕೆಯಿಲ್ಲ.

ಕೊನೆಯ ಮೇಕೆ ಕಟ್ಟೆಯಿಂದ ಇಳಿಯುತ್ತದೆ. ಡಾರ್ಲೀನ್ ಅದರ ಹೊಟ್ಟೆಯ ಕೆಳಗೆ ಅಂಗೈ ಹಿಡಿದು ನೋಡುತ್ತಾರೆ. ಇನ್ನೂ ಏನೂ ತಿಳಿಯುವ ಕಾಲವಲ್ಲ. ನಿಮಗೇನು ಬೇಕು ಎಂದು ಕೇಳಿದರೆ ಹೇಳುತ್ತಾರೆ:

"ತೀರ್ಪು ಅವ್ರಿಗೆ ಯಾವಾಗ ಬೇಕೋ ಆಗ ಕೊಡ್ಲಿ. ಮಾರ್ಚ್ ಕೊನೇಲಿ ಮಾತ್ರ ನನ್ನನ್ನ ಎಲ್ಲಿಗೂ ಕರೀಬೇಡಿ ಅಂತ ಹೇಳ್ಬಿಡಿ. ಮರಿ ಹಾಕೋ ವಾರ ನಾನು ಬರಕ್ಕಾಗಲ್ಲ."